ತಬಲಾ ಕಲಿಯುವವರಿಗೆ: ಮೊದಲು ಕೈ, ಆಮೇಲೆ ಖರೀದಿ

ವಾರ್ಷಿಕೋತ್ಸವ ಮುಗಿದ ವಾರದಲ್ಲಿ ನಮ್ಮ ಕಾಲೇಜಿನಲ್ಲಿ ಒಂದು ಪ್ರಶ್ನೆ ಬಹಳ ಕೇಳಿಬರುತ್ತದೆ. "ತಬಲಾ ಕಲಿಬೇಕು, ಎಲ್ಲಿ ಸಿಗತದ, ಎಷ್ಟಾಗತದ?" ಕೆಲವರು ತಬಲಾ ಬದಲು ಡ್ರಮ್ ಸೆಟ್ ಎನ್ನುತ್ತಾರೆ. ಪ್ರಶ್ನೆ ಒಳ್ಳೆಯದೇ, ಆದರೆ ಅದು ಮೂರನೆಯ ಪ್ರಶ್ನೆ. ಮೊದಲನೆಯದು "ನನ್ನ ಕೈ ತಾಳದಲ್ಲಿ ನಿಲ್ಲುತ್ತದೆಯೇ?" ಎರಡನೆಯದು "ಯಾರು ಕಲಿಸುತ್ತಾರೆ?" ಈ ಎರಡಕ್ಕೆ ಉತ್ತರ ಸಿಗುವ ಮೊದಲೇ ಕೊಂಡ ವಾದ್ಯ ಮಂಚದ ಕೆಳಗೆ ಸೇರುತ್ತದೆ. ಆಮೇಲೆ ಮನೆಯಲ್ಲಿ ಯಾವುದಕ್ಕೆ ಹಣ ಕೇಳಿದರೂ "ಆ ತಬಲಾ ಏನಾಯಿತು?" ಎಂಬ ಮಾತು ಬರುತ್ತದೆ.

ನಮ್ಮಲ್ಲಿ ಬಹಳಷ್ಟು ಮಂದಿ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳು. ಅಬ್ಬಾ ಓವರ್‌ಟೈಮ್ ಮಾಡಿ ತಂದ ಹಣ ಅದು. ಆದ್ದರಿಂದ ಈ ಲೇಖನದಲ್ಲಿ ನಾನು ಹೇಳುವುದು ಒಂದೇ ಮಾತು: ಕೈ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿಯವರೆಗೆ ಮಾತ್ರ ಖರ್ಚು ಬರಲಿ. ನಾನು ಎರಡು ವರ್ಷದಿಂದ ಭಾನುವಾರಕ್ಕೊಮ್ಮೆ ಧಾರವಾಡಕ್ಕೆ ಹೋಗಿ ತಬಲಾ ಕಲಿಯುತ್ತಿದ್ದೇನೆ. ಪಂಡಿತನಲ್ಲ. ಆದರೆ ಆರಂಭದ ಮೆಟ್ಟಿಲುಗಳು ಇನ್ನೂ ನೆನಪಿನಲ್ಲಿವೆ.

ನಮ್ಮ ಊರಿನಲ್ಲಿ ತಬಲಾ ಯಾಕೆ ಸುಲಭ?

ಗುರುಗಳು ಸಿಗುತ್ತಾರೆ ಎಂಬುದೇ ಕಾರಣ. ಹುಬ್ಬಳ್ಳಿ-ಧಾರವಾಡ ಹಿಂದೂಸ್ತಾನಿ ಸಂಗೀತದ ಊರು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರು (1872–1937) ಈ ಸೀಮೆಗೆ ಬಂದು ಹಾಡಿದರು, ಕಲಿಸಿದರು. ಅವರ ಶಿಷ್ಯ ಸವಾಯಿ ಗಂಧರ್ವರು ನಮ್ಮ ಜಿಲ್ಲೆಯ ಕುಂದಗೋಳದವರು. ಅವರ ಬಳಿ ಕಲಿತವರು ಭೀಮಸೇನ ಜೋಶಿ ಮತ್ತು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್. ಸಿತಾರ್ ವಾದಕ ಉಸ್ತಾದ್ ರಹಿಮತ್ ಖಾನರು ಧಾರವಾಡದಲ್ಲಿ ನೆಲೆಸಿ ಭಾರತೀಯ ಸಂಗೀತ ವಿದ್ಯಾಲಯ ಕಟ್ಟಿದರು. ಅವರ ಮೊಮ್ಮಗ ಉಸ್ತಾದ್ ಬಾಲೇಖಾನರು ಆ ಪರಂಪರೆಯನ್ನು ಮುಂದುವರಿಸಿದರು. ಇಷ್ಟು ಹಾಡುಗಾರರು, ಸಿತಾರ್ ವಾದಕರು ಇರುವ ಊರಿನಲ್ಲಿ ಸಾಥ್ ಕೊಡುವ ತಬಲಾದವರು ಬೇಕೇ ಬೇಕಲ್ಲವೇ? ಹಾಗಾಗಿ ಓಣಿ ಓಣಿಯಲ್ಲಿ ತಬಲಾ ಪಾಠ ಹೇಳುವವರು ಇಲ್ಲಿ ಇದ್ದಾರೆ.

ಉರ್ದು ಮನೆಮಾತಿನವರಿಗೆ ಇನ್ನೊಂದು ಅನುಕೂಲವಿದೆ. ತಬಲಾದ ಪದಗಳು ನಮಗೆ ಹೊಸವಲ್ಲ. ದಾಯಾಂ ಎಂದರೆ ಬಲ, ಬಾಯಾಂ ಎಂದರೆ ಎಡ. ಸ್ಯಾಹಿ ಎಂದರೆ ಮಸಿ. ಖಾಲಿ ಎಂಬುದು ಕನ್ನಡದವರಿಗೂ ಗೊತ್ತು. ತಬಲಾದಲ್ಲಿ ಮೊದಲು ಕಲಿಸುವ ಕಟ್ಟುನಿಟ್ಟಾದ ರಚನೆಗೆ ಕಾಯದಾ ಎನ್ನುತ್ತಾರೆ. ವಾಣಿಜ್ಯದವರು ಓದುವ ಕಾಯ್ದೆಯೂ ಅದೇ ಪದ. ಚಿಕ್ಕಂದಿನಲ್ಲಿ ಮದ್ರಸಾದಲ್ಲಿ ಕೈಗೆ ಕೊಟ್ಟ ಮೊದಲ ಪುಸ್ತಕದ ಹೆಸರೂ ಕಾಯಿದಾ. ಅಂದರೆ ನಿಯಮ ಮೊದಲು, ಓಟ ಆಮೇಲೆ.

ಮೊದಲ ತಿಂಗಳು: ಒಂದು ರೂಪಾಯಿ ಖರ್ಚಿಲ್ಲ

ತಬಲಾದ ಪ್ರತಿ ಹೊಡೆತಕ್ಕೂ ಒಂದು ಹೆಸರಿದೆ. ಅದಕ್ಕೆ ಬೋಲ್ ಎನ್ನುತ್ತಾರೆ. ನಾ, ತಿನ್, ತೆ, ಟೆ ಬಲಗೈಯವು. ಗೆ, ಕೆ ಎಡಗೈಯವು. ಎರಡೂ ಕೈ ಕೂಡಿದರೆ ಧಾ, ಧಿನ್ ಆಗುತ್ತವೆ. ನಾ ಮತ್ತು ಗೆ ಒಟ್ಟಿಗೆ ಬಿದ್ದರೆ ಧಾ. ತಿನ್ ಮತ್ತು ಗೆ ಒಟ್ಟಿಗೆ ಬಿದ್ದರೆ ಧಿನ್. ಬಾಯಲ್ಲಿ ಬರದ ಬೋಲ್ ಕೈಯಲ್ಲಿ ಬರುವುದಿಲ್ಲ. ಆದ್ದರಿಂದ ಮೊದಲ ತಿಂಗಳು ಬಾಯಿ ಮತ್ತು ಚಪ್ಪಾಳೆ ಸಾಕು.

ಕೆಹರವಾ ತಾಳದಿಂದ ಆರಂಭಿಸಿ. 8 ಮಾತ್ರೆ, ನಾಲ್ಕು ನಾಲ್ಕರ ಎರಡು ಭಾಗ:

ಧಾ ಗೆ ನಾ ತಿ | ನಾ ಕೆ ಧಿ ನಾ

ಮೊದಲ ಮಾತ್ರೆಗೆ ಚಪ್ಪಾಳೆ. ಐದನೆಯದಕ್ಕೆ ಚಪ್ಪಾಳೆ ಹೊಡೆಯದೆ ಕೈ ಬೀಸಬೇಕು. ಅದೇ ಖಾಲಿ. ನಾವು ದಿನಾ ಕೇಳುವ ಎಷ್ಟೋ ಸಿನಿಮಾ ಹಾಡು, ಕವ್ವಾಲಿ, ಭಾವಗೀತೆಗಳು ಈ ನಡಿಗೆಯಲ್ಲೇ ಇವೆ.

ನಂತರ ತೀನ್‌ತಾಳ. 16 ಮಾತ್ರೆ, ನಾಲ್ಕು ಭಾಗ:

ಧಾ ಧಿನ್ ಧಿನ್ ಧಾ | ಧಾ ಧಿನ್ ಧಿನ್ ಧಾ | ಧಾ ತಿನ್ ತಿನ್ ತಾ | ತಾ ಧಿನ್ ಧಿನ್ ಧಾ

1, 5 ಮತ್ತು 13ನೆಯ ಮಾತ್ರೆಗೆ ಚಪ್ಪಾಳೆ, 9ಕ್ಕೆ ಖಾಲಿ. ಮೂರನೆಯ ಭಾಗದಲ್ಲಿ ಧಿನ್ ಹೋಗಿ ತಿನ್ ಬಂದಿರುವುದನ್ನು ನೋಡಿ. ಅಲ್ಲಿ ಎಡಗೈಯ ಗುಂಗು ನಿಲ್ಲುತ್ತದೆ. ಕಣ್ಣು ಮುಚ್ಚಿ ಕೇಳುವವನಿಗೂ "ಈಗ ಖಾಲಿ ಬಂತು, ಇನ್ನು ಸಮ್ ಹತ್ತಿರವಾಯಿತು" ಎಂದು ಅದರಿಂದ ಗೊತ್ತಾಗುತ್ತದೆ. ಸಮ್ ಎಂದರೆ ಮೊದಲ ಮಾತ್ರೆ. ಎಲ್ಲರೂ ಬಂದು ಸೇರುವ ಜಾಗ.

ಈಗ ಪರೀಕ್ಷೆ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ನಿಮಿಷಕ್ಕೆ 60 ಬಾರಿ ಜಿಗಿಯುತ್ತದೆ. ಜಿಗಿತಕ್ಕೆ ಒಂದರಂತೆ ಬೋಲ್ ಹೇಳಿ. ತೀನ್‌ತಾಳದ ಒಂದು ಸುತ್ತಿಗೆ 16 ಸೆಕೆಂಡ್ ಬೇಕು. ಹತ್ತು ಸುತ್ತು ತಪ್ಪದೆ ಬಂದರೆ, ಅದೇ ಗಡಿಯಾರಕ್ಕೆ ಒಂದು ಜಿಗಿತಕ್ಕೆ ಎರಡು ಬೋಲ್ ಹೇಳಿ. ಇದು ದುಗುನ್. ಹೇಳುತ್ತಿರುವಾಗ ಯಾರಾದರೂ ಮಾತಾಡಿಸಿದರೂ ಎಣಿಕೆ ಕದಲಬಾರದು. ಬಸ್ಸಿನಲ್ಲಿ ನಿಂತು, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಇದನ್ನು ಮಾಡಬಹುದು.

ಒಂದು ತಿಂಗಳು ದಿನಕ್ಕೆ ಇಪ್ಪತ್ತು ನಿಮಿಷ ಇದನ್ನು ಮಾಡಲು ಬೇಸರವಾದರೆ ಅದೂ ಒಂದು ಉತ್ತರವೇ. ಹಣ ಉಳಿಯಿತು. ಬೇಸರವಾಗದಿದ್ದರೆ ಮುಂದಿನ ಮೆಟ್ಟಿಲಿಗೆ ಬನ್ನಿ.

ಎರಡನೆಯ ಮೆಟ್ಟಿಲು: ಗುರುಗಳು

ಮೊಬೈಲಿನಲ್ಲಿ ಪಾಠಗಳು ಬೇಕಾದಷ್ಟಿವೆ. ತಾಳ ಕೇಳಲು, ದೊಡ್ಡವರ ವಾದನ ನೋಡಲು ಅವು ಉಪಯುಕ್ತ. ಆದರೆ ನಿಮ್ಮ ಭುಜ ಎತ್ತಿಕೊಂಡಿದೆ, ಉಂಗುರ ಬೆರಳು ಚರ್ಮದ ಮೇಲೆ ಸರಿಯಾಗಿ ಊರಿಲ್ಲ ಎಂದು ಮೊಬೈಲ್ ಹೇಳುವುದಿಲ್ಲ. ನಾ ಹೊಡೆಯುವಾಗ ತೋರು ಬೆರಳು ಅಂಚಿಗೆ ಬೀಳಬೇಕು, ಉಂಗುರ ಬೆರಳು ಕರಿಯ ವೃತ್ತದ ಅಂಚಿನ ಮೇಲೆ ಹಗುರವಾಗಿ ಕುಳಿತಿರಬೇಕು. ಆ ಉಂಗುರ ಬೆರಳಿನ ಭಾರ ಸ್ವಲ್ಪ ಹೆಚ್ಚಾದರೆ ನಾದ ಸಾಯುತ್ತದೆ. ಪೂರ್ತಿ ಎತ್ತಿದರೆ ಬೇರೆಯೇ ಬೋಲ್ ಆಗುತ್ತದೆ. ಇದನ್ನು ಎದುರಿಗೆ ಕುಳಿತವರೇ ತಿದ್ದಬೇಕು. ಆರು ತಿಂಗಳು ತಪ್ಪಾಗಿ ಕೂತ ಕೈಯನ್ನು ಸರಿ ಮಾಡಲು ಒಂದು ವರ್ಷ ಬೇಕು ಎಂದು ನಮ್ಮ ಗುರುಗಳು ಹೇಳುತ್ತಾರೆ.

ಗುರುಗಳನ್ನು ಹುಡುಕುವಾಗ ಮೂರು ವಿಷಯ ಕೇಳಿ. ಒಂದು, ಪಾಠದ ಹೊತ್ತಿಗೆ ನುಡಿಸಲು ಅವರಲ್ಲೇ ತಬಲಾ ಇದೆಯೇ? ಬಹಳ ಕಡೆ ಇರುತ್ತದೆ. ಹಾಗಿದ್ದರೆ ಮೊದಲ ಎರಡು ಮೂರು ತಿಂಗಳು ನೀವು ಕೊಳ್ಳಬೇಕಾಗಿಲ್ಲ. ಎರಡು, ಪರೀಕ್ಷೆಗೆ ಕೂರಿಸುತ್ತಾರೆಯೇ? ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳಲ್ಲಿ ಪ್ರಾರಂಭಿಕ, ಪ್ರವೇಶಿಕಾ ಎಂದು ಹಂತಗಳಿವೆ. ಪರೀಕ್ಷೆಯೇ ಗುರಿಯಲ್ಲ, ಆದರೆ ಕಲಿಕೆಗೆ ಒಂದು ಪಠ್ಯಕ್ರಮ ಸಿಗುತ್ತದೆ. ಮೂರು, ನಮ್ಮ ಕಡೆಯಿಂದ ಹೋಗಿ ಬರಲು ಬಸ್ಸು ಯಾವ ಹೊತ್ತಿಗಿದೆ? ಬೇಲೂರಿನಿಂದ ಧಾರವಾಡಕ್ಕೆ ಒಂದು ಬಸ್ಸು, ಪಾಠ ಹುಬ್ಬಳ್ಳಿಯಲ್ಲಿದ್ದರೆ ಅಲ್ಲಿಂದ ಚಿಗರಿ ಬಸ್ಸು. ವಾರಕ್ಕೆ ಮೂರು ಪಾಠ ಎಂದು ಒಪ್ಪಿಕೊಂಡು ತಿಂಗಳಿಗೆ ಮೂರು ಪಾಠಕ್ಕೆ ಹೋಗುವುದಕ್ಕಿಂತ, ವಾರಕ್ಕೆ ಒಂದು ಎಂದು ಒಪ್ಪಿ ಒಂದೂ ತಪ್ಪಿಸದಿರುವುದು ಮೇಲು.

ನಮ್ಮ ಕಾಲೇಜಿನ ವಿದ್ಯಾರ್ಥಿನಿಯರೂ ಕೇಳುತ್ತಾರೆ, ಇದು ಹುಡುಗರ ವಾದ್ಯವೇ ಎಂದು. ಅಲ್ಲ. ಅನುರಾಧಾ ಪಾಲ್ ಅವರು ಉಸ್ತಾದ್ ಅಲ್ಲಾ ರಖಾ ಮತ್ತು ಅವರ ಮಗ ಉಸ್ತಾದ್ ಜಾಕಿರ್ ಹುಸೇನ್ ಇಬ್ಬರ ಬಳಿಯೂ ಕಲಿತು ದೇಶ ವಿದೇಶಗಳಲ್ಲಿ ಏಕವ್ಯಕ್ತಿ ತಬಲಾ ವಾದನ ನೀಡಿದವರು.

ವಾದ್ಯವನ್ನು ತಿಳಿಯೋಣ

ಅಂಗಡಿಗೆ ಹೋಗುವ ಮೊದಲು ಭಾಗಗಳ ಹೆಸರು ಗೊತ್ತಿರಲಿ. ಬಲಗಡೆಯದು ದಾಯಾಂ. ಬಹಳ ಮಂದಿ ಇದನ್ನೇ ತಬಲಾ ಎನ್ನುತ್ತಾರೆ. ಮರದ್ದು. ಶೀಶಮ್, ಮಾವು, ಬೇವು ಮುಂತಾದ ಮರಗಳಲ್ಲಿ ಕೊರೆಯುತ್ತಾರೆ. ಎಡಗಡೆಯದು ಬಾಯಾಂ, ಅಂದರೆ ಡಗ್ಗಾ. ಇದು ತಾಮ್ರ, ಹಿತ್ತಾಳೆ ಅಥವಾ ಸ್ಟೀಲಿನದು.

ಎರಡರ ಬಾಯಿಗೂ ಆಡಿನ ಚರ್ಮದ ಹೊದಿಕೆ ಇರುತ್ತದೆ. ಇದಕ್ಕೆ ಪುಡಿ ಎಂದು ಹೆಸರು. ಪುಡಿಯ ಅಂಚಿನ ಪಟ್ಟಿ ಕಿನಾರ್. ನಡುವಿನ ಕರಿಯ ವೃತ್ತ ಸ್ಯಾಹಿ. ಸುತ್ತಲೂ ಜಡೆಯಂತೆ ಹೆಣೆದದ್ದು ಗಜರಾ. ಮೇಲಿನಿಂದ ಕೆಳಗೆ ಬಿಗಿದ ಚರ್ಮದ ಪಟ್ಟಿ ಬದ್ದಿ. ದಾಯಾಂನಲ್ಲಿ ಬದ್ದಿಯ ಅಡಿ ಸಿಕ್ಕಿಸಿದ 8 ಮರದ ಗೂಟಗಳು ಗಟ್ಟಾ. ಕೂರಿಸಲು ಎರಡು ಸಿಂಬಿ, ಶ್ರುತಿ ಮಾಡಲು ಒಂದು ಚಿಕ್ಕ ಸುತ್ತಿಗೆ.

ಎಲ್ಲದರ ಜೀವ ಸ್ಯಾಹಿಯಲ್ಲಿದೆ. ಅಂಟು, ಕಬ್ಬಿಣದ ಪುಡಿ ಮುಂತಾದವುಗಳನ್ನು ಕಲಸಿ ಪದರ ಪದರವಾಗಿ ಹಚ್ಚಿ, ಕಲ್ಲಿನಿಂದ ತಿಕ್ಕಿ ತಯಾರಿಸುತ್ತಾರೆ. ಸಾದಾ ಚರ್ಮದ ಡೋಲು ಹೊಡೆದರೆ ಹುಟ್ಟುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಅದಕ್ಕೇ ಡೋಲಿನಲ್ಲಿ ಸದ್ದು ಇರುತ್ತದೆ, ಸ್ವರ ಇರುವುದಿಲ್ಲ. ನಡುವೆ ಈ ಭಾರ ಸೇರಿದಾಗ ಉಪಸ್ವರಗಳು ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಎಂಬಂತೆ ಸಾಲಾಗಿ ನಿಲ್ಲುತ್ತವೆ. ಆದ್ದರಿಂದಲೇ ದಾಯಾಂ ಅನ್ನು ಗಾಯಕನ ಷಡ್ಜಕ್ಕೆ ಕೂಡಿಸಲು ಬರುತ್ತದೆ. ಇದನ್ನು ವಿಜ್ಞಾನದ ಭಾಷೆಯಲ್ಲಿ ತೋರಿಸಿದವರು ಸಿ. ವಿ. ರಾಮನ್. 1920ರಲ್ಲಿ ಮೊದಲು ಬರೆದರು, ನಂತರ ಬೆಂಗಳೂರಿನಲ್ಲಿದ್ದಾಗ 1934ರಲ್ಲಿ ಭಾರತೀಯ ಚರ್ಮವಾದ್ಯಗಳ ಮೇಲೆ ವಿಸ್ತಾರವಾದ ಪ್ರಬಂಧ ಪ್ರಕಟಿಸಿದರು. ವಿಜ್ಞಾನ ವಿಭಾಗದ ಸ್ನೇಹಿತರು ಗಮನಿಸಲಿ.

ಅಂಗಡಿಯಲ್ಲಿ ನೋಡಬೇಕಾದ ಎಂಟು ಅಂಶಗಳು

1. ಸಾಧ್ಯವಾದರೆ ಗುರುಗಳನ್ನೋ ಹಿರಿಯ ವಿದ್ಯಾರ್ಥಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಇದೊಂದು ಸಾಧ್ಯವಾದರೆ ಉಳಿದ ಏಳರಲ್ಲಿ ಅರ್ಧ ಕೆಲಸ ಮುಗಿಯಿತು.

2. ಯಾವ ಸ್ವರಕ್ಕೆ ಬೇಕು ಎಂದು ಮೊದಲೇ ಕೇಳಿಕೊಳ್ಳಿ. ದಾಯಾಂನ ಬಾಯಿ ಸಾಮಾನ್ಯವಾಗಿ 5ರಿಂದ 6 ಇಂಚು ಅಗಲ. ಬಾಯಿ ಚಿಕ್ಕದಾದಷ್ಟು ಸ್ವರ ಮೇಲೆ. ಸುಮಾರು 5½ ಇಂಚಿನದು ಕರಿ ಒಂದಕ್ಕೆ, ಬಿಳಿ ಒಂದಕ್ಕೆ ಹೊಂದುತ್ತದೆ. ಕಲಿಯುವವರಿಗೆ ಸಾಮಾನ್ಯವಾಗಿ ಇದನ್ನೇ ಹೇಳುತ್ತಾರೆ.

3. ದಾಯಾಂ ಎತ್ತಿ ನೋಡಿ. ಒಳ್ಳೆಯ ಗಟ್ಟಿ ಮರ ಕೈಗೆ ಭಾರ ಎನಿಸುತ್ತದೆ. ಆಟಿಕೆಯಂತೆ ಹಗುರವಾಗಿದ್ದರೆ ಅನುಮಾನಿಸಿ. ಮರದಲ್ಲಿ ಸೀಳು ಇದೆಯೇ, ಸೀಳಿಗೆ ಲಪ್ಪ ತುಂಬಿ ಮೇಲೆ ವಾರ್ನಿಷ್ ಬಳಿದಿದ್ದಾರೆಯೇ ನೋಡಿ. ನನ್ನ ಗೆಳೆಯನೊಬ್ಬ ಮಿಂಚುವ ಬಣ್ಣ ನೋಡಿ ಕೊಂಡ ದಾಯಾಂ ಮೊದಲ ಬೇಸಿಗೆಯಲ್ಲೇ ಉದ್ದಕ್ಕೆ ಬಿರುಕು ಬಿಟ್ಟಿತು.

4. ಪುಡಿಯ ಚರ್ಮ ಒಂದೇ ಸಮನಾಗಿರಬೇಕು. ಕಿನಾರ್ ಬಳಿ ಕತ್ತರಿಸಿದ ಗುರುತು, ಗಜರಾದ ಬಳಿ ಹರಕು ಇರಬಾರದು.

5. ಸ್ಯಾಹಿಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳು ಇದ್ದೇ ಇರುತ್ತವೆ. ಅದು ದೋಷವಲ್ಲ. ಚೂರು ಎದ್ದಿದ್ದರೆ, ಅಂಚು ಬಿಟ್ಟಿದ್ದರೆ, ಹೊಡೆದಾಗ ಜುಯ್ ಎಂಬ ಸದ್ದು ಬಂದರೆ ಬೇಡ. ದಾಯಾಂನಲ್ಲಿ ಸ್ಯಾಹಿ ಸರಿಯಾಗಿ ನಡುವೆ ಇರುತ್ತದೆ. ಡಗ್ಗಾದಲ್ಲಿ ಒಂದು ಬದಿಗೆ ಇರುತ್ತದೆ. ಅದು ಹಾಗೇ ಇರಬೇಕು.

6. ಎಂಟೂ ಗಟ್ಟಾಗಳ ನೇರಕ್ಕೆ ಕಿನಾರಿನ ಮೇಲೆ ಒಂದೊಂದು ಪೆಟ್ಟು ಹೊಡೆದು ಕೇಳಿ. ಎಲ್ಲ ಕಡೆ ಒಂದೇ ಸ್ವರ ಬರಬೇಕು. ಬರದಿದ್ದರೆ ಅಂಗಡಿಯವರಿಗೆ ನಿಮ್ಮೆದುರಿಗೇ ಶ್ರುತಿ ಮಾಡಲು ಹೇಳಿ. ಮಾಡಿದ ಮೇಲೂ ಒಂದು ಕಡೆ ಬೇರೆಯೇ ಕೇಳಿದರೆ ಆ ಪುಡಿ ಸರಿಯಿಲ್ಲ.

7. ಗಟ್ಟಾಗಳು ಎಲ್ಲಿವೆ ನೋಡಿ. ಗಟ್ಟಾ ಕೆಳಗಿಳಿದಷ್ಟೂ ಬಿಗಿ ಹೆಚ್ಚುತ್ತದೆ. ಹೊಸದರಲ್ಲೇ ಅವು ತೀರಾ ಕೆಳಗೆ ಕೂತಿದ್ದರೆ ಮುಂದೆ ಬಿಗಿ ಮಾಡಲು ಜಾಗ ಉಳಿದಿಲ್ಲ ಎಂದರ್ಥ.

8. ಡಗ್ಗಾದ ಲೋಹ ತೆಳುವಾಗಿದೆಯೇ, ತಗ್ಗು ಬಿದ್ದಿದೆಯೇ ನೋಡಿ. ಗೆ ಹೊಡೆದು ಅಂಗೈಯ ಬುಡವನ್ನು ಚರ್ಮದ ಮೇಲೆ ಮುಂದಕ್ಕೆ ಒತ್ತಿದರೆ ಗುಂಗು ಮೇಲೇರಬೇಕು. ಏರದೆ ಡಬ್ ಎಂದು ನಿಂತರೆ ಬೇರೆಯದನ್ನು ಕೇಳಿ. ಸ್ಟೀಲ್ ಡಗ್ಗಾ ಕಡಿಮೆ ಬೆಲೆಗೆ ಸಿಗುತ್ತದೆ, ಕಲಿಕೆಗೆ ಸಾಕು. ತಾಮ್ರ, ಹಿತ್ತಾಳೆಯವುಗಳ ನಾದ ಆಳವಾಗಿರುತ್ತದೆ.

ಸಿಂಬಿ, ಸುತ್ತಿಗೆ, ಚೀಲ ಬೆಲೆಯಲ್ಲಿ ಸೇರಿವೆಯೇ ಎಂದು ಹಣ ಕೊಡುವ ಮೊದಲು ಕೇಳಿ. ಆನ್‌ಲೈನಿನಲ್ಲಿ ಮೊದಲ ತಬಲಾ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಚಿತ್ರದಲ್ಲಿ ಬಣ್ಣ ಕಾಣುತ್ತದೆ, ನಾದ ಕೇಳುವುದಿಲ್ಲ. ದೂರ ಹೋಗಲು ಸಿದ್ಧರಿದ್ದವರಿಗೆ ಮೀರಜ್ ಇದೆ. ತಲೆಮಾರುಗಳಿಂದ ಮುಸ್ಲಿಂ ಕುಶಲಕರ್ಮಿಗಳ ಮನೆತನಗಳು ಅಲ್ಲಿ ವಾದ್ಯ ತಯಾರಿಸುತ್ತಿವೆ. ಮೀರಜ್‌ನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ.

ಲೆಕ್ಕಪುಸ್ತಕದ ಕಣ್ಣಿನಿಂದ

ನಾನು ವಾಣಿಜ್ಯ ವಿದ್ಯಾರ್ಥಿ, ಲೆಕ್ಕ ಹಾಕದೆ ಇರಲಾರೆ. ಕೆಳಗಿನ ಮೊತ್ತಗಳು ಪರೀಕ್ಷೆಯ ಲೆಕ್ಕದಂತೆ ಊಹಿಸಿಕೊಂಡವು. ಅಂಗಡಿಯಲ್ಲಿ ಕೇಳಿದ ಬೆಲೆ ಹಾಕಿ ನೀವೇ ಮತ್ತೆ ಮಾಡಿ.

ಒಂದು ಜೊತೆಗೆ 8,000 ರೂಪಾಯಿ ಎಂದಿರಲಿ. ದಿನಕ್ಕೆ ಅರ್ಧ ಗಂಟೆ ಅಭ್ಯಾಸ. ಮೂರು ತಿಂಗಳಿಗೆ, ಅಂದರೆ 90 ದಿನಕ್ಕೆ ಬಿಟ್ಟರೆ ನುಡಿಸಿದ್ದು 45 ಗಂಟೆ. ಗಂಟೆಗೆ ಸುಮಾರು 178 ರೂಪಾಯಿ ಬಿತ್ತು. ಅರ್ಧ ಬೆಲೆಗೆ ಮಾರಿದರೂ ಗಂಟೆಗೆ 89. ಅದೇ ವರ್ಷಕ್ಕೆ 300 ದಿನ ನುಡಿಸಿದರೆ 150 ಗಂಟೆ, ಗಂಟೆಗೆ ಸುಮಾರು 53. ಮೂರು ವರ್ಷ ನುಡಿಸಿ, ನಡುವೆ ಪುಡಿ ಬದಲಿಸಲು 1,500 ಕೊಟ್ಟರೂ ಒಟ್ಟು 9,500ಕ್ಕೆ 450 ಗಂಟೆ, ಗಂಟೆಗೆ ಸುಮಾರು 21 ರೂಪಾಯಿ. ವಾದ್ಯ ದುಬಾರಿಯೋ ಅಗ್ಗವೋ ಎಂಬುದನ್ನು ಅಂಗಡಿಯ ಚೀಟಿಗಿಂತ ನಮ್ಮ ಅಭ್ಯಾಸವೇ ತೀರ್ಮಾನಿಸುತ್ತದೆ.

ಇನ್ನೊಂದು ಮುಖ್ಯ ವಿಷಯ ಸವಕಳಿ. ತಬಲಾದಲ್ಲಿ ಎರಡು ಬಗೆಯ ಆಸ್ತಿ ಇದೆ. ಮರ ಮತ್ತು ಲೋಹ ಚೆನ್ನಾಗಿ ನೋಡಿಕೊಂಡರೆ ಹತ್ತಾರು ವರ್ಷ ಬರುತ್ತವೆ. ಪುಡಿ ನುಡಿಸಿದಷ್ಟೂ ಸವೆಯುತ್ತದೆ, ಬದಲಿಸಲೇಬೇಕು. ಹಾಗಾಗಿ ಇರುವ ಹಣದಲ್ಲಿ ಹೆಚ್ಚು ಪಾಲು ಒಳ್ಳೆಯ ಮರಕ್ಕೆ ಹೋಗಲಿ. ಕುಸುರಿ ಕೆಲಸ, ಬಣ್ಣದ ಹೊದಿಕೆ, ಮೆತ್ತನೆಯ ಚೀಲ ಆಮೇಲೆ ಬಂದರೂ ನಡೆಯುತ್ತದೆ. ಹಳೆಯ ತಬಲಾ ಕೊಳ್ಳುವವರಿಗೂ ಇದೇ ಸೂತ್ರ: ಮರ ಗಟ್ಟಿಯಿದ್ದು ಪುಡಿ ಹೋಗಿದ್ದರೆ ಚಿಂತೆಯಿಲ್ಲ. ಹೊಸ ಪುಡಿಯ ಖರ್ಚನ್ನು ಬೆಲೆಗೆ ಸೇರಿಸಿ ಚೌಕಾಸಿ ಮಾಡಿ. ಪುಡಿ ಹೊಸದಿದ್ದು ಮರ ಸೀಳಿದ್ದರೆ ಬಿಟ್ಟು ಬನ್ನಿ.

ಮನೆ, ನಿದ್ದೆ, ಅಜಾನ್

ನಮ್ಮ ಕಡೆ ಹೆಚ್ಚಿನವು ಎರಡು ಕೋಣೆಯ ಬಾಡಿಗೆ ಮನೆಗಳು. ನಡುವಿನ ಗೋಡೆ ಒಂದೇ. ನನ್ನ ಅಬ್ಬಾ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಾರೆ. ಪಕ್ಕದ ಮನೆಯ ಚಾಚಾ ಎರಡನೆಯ ಪಾಳಿ. ಹಾಗಾಗಿ ತಬಲಾ ತರುವ ಮೊದಲೇ ನಾನು ಒಂದು ಹಾಳೆಯಲ್ಲಿ ವಾರದ ಪಾಳಿ ಬರೆದು, ಯಾವ ಹೊತ್ತು ಖಾಲಿ ಇದೆ ಎಂದು ಅಮ್ಮಿ ಜೊತೆ ಕೂತು ಗುರುತು ಮಾಡಿದೆ. ಅಸರ್ ನಮಾಜಿನ ನಂತರ ಮಗ್ರಿಬ್ ಅಜಾನಿಗೆ ಮುಂಚೆ ನಲವತ್ತು ನಿಮಿಷ ಸಿಕ್ಕಿತು. ಅಜಾನ್ ಶುರುವಾದರೆ ಕೈ ನಿಲ್ಲುತ್ತದೆ. ರಮಜಾನಿನಲ್ಲಿ ಬಾಯಿ ಬೋಲ್ ಮಾತ್ರ. ಸದ್ದು ತಗ್ಗಿಸಬೇಕಾದಾಗ ಪುಡಿಯ ಮೇಲೆ ತೆಳು ಬಟ್ಟೆ ಹಾಸಿ ನುಡಿಸಬಹುದು. ನಾದ ಬರುವುದಿಲ್ಲ, ಆದರೆ ಬೆರಳಿಗೆ ಕೆಲಸ ಸಿಗುತ್ತದೆ.

ವಾದ್ಯದ ಬಗ್ಗೆ ನಮ್ಮ ಮನೆಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಕೆಲವು ಹಿರಿಯರು ಸಂತೋಷಪಡುತ್ತಾರೆ, ಕೆಲವರು ಧರ್ಮದ ಕಾರಣಕ್ಕೆ ಬೇಡ ಎನ್ನುತ್ತಾರೆ. ಅದನ್ನು ತೀರ್ಮಾನಿಸುವಷ್ಟು ದೊಡ್ಡವನು ನಾನಲ್ಲ. ಹೇಳುವುದು ಇಷ್ಟೇ: ಕೇಳಿ, ಮಾತಾಡಿ, ಒಪ್ಪಿಗೆ ಪಡೆದು ಆರಂಭಿಸಿ. ಗುಟ್ಟಾಗಿ ಕೊಂಡು ಗೆಳೆಯನ ಮನೆಯಲ್ಲಿ ಬಚ್ಚಿಟ್ಟ ವಾದ್ಯಕ್ಕೆ ದಿನದ ಅಭ್ಯಾಸ ಸಿಗುವುದಿಲ್ಲ. ಅಭ್ಯಾಸವಿಲ್ಲದ ವಾದ್ಯದಿಂದ ಯಾರಿಗೂ ಲಾಭವಿಲ್ಲ.

ಮಳೆಗಾಲ ಮತ್ತು ಆರೈಕೆ

ಧಾರವಾಡದ ಮುಂಗಾರಿನಲ್ಲಿ ಚರ್ಮ ತೇವ ಹೀರಿ ಸಡಿಲಾಗುತ್ತದೆ, ಸ್ವರ ಇಳಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಒಣಗಿ ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಹೆಚ್ಚು ವ್ಯತ್ಯಾಸವಾದರೆ ಗಟ್ಟಾ ಸರಿಸಬೇಕು. ಸ್ವಲ್ಪವಾದರೆ ಗಜರಾಕ್ಕೆ ಸುತ್ತಿಗೆಯ ಹಗುರ ಪೆಟ್ಟು ಸಾಕು. ಮೇಲಿನಿಂದ ಕೆಳಗೆ ಹೊಡೆದರೆ ಸ್ವರ ಏರುತ್ತದೆ, ಕೆಳಗಿನಿಂದ ಮೇಲಕ್ಕೆ ಹೊಡೆದರೆ ಇಳಿಯುತ್ತದೆ. ಮೊದಲ ಆರು ತಿಂಗಳು ಇದನ್ನು ಗುರುಗಳ ಎದುರಿಗೇ ಮಾಡಿ. ಸುತ್ತಿಗೆ ಜಾರಿ ಪುಡಿಗೆ ಬಿದ್ದರೆ ಚರ್ಮ ಹರಿಯುತ್ತದೆ.

ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿ ಮುಚ್ಚಿಡಿ. ಬಿಸಿಲಿಗೆ, ಒಲೆಯ ಹತ್ತಿರ, ಮಳೆ ನೀರು ಇಳಿಯುವ ಗೋಡೆಯ ಪಕ್ಕ ಇಡಬೇಡಿ. ಕೈ ಬೆವರುವವರು ಸ್ವಲ್ಪ ಪೌಡರ್ ಹಚ್ಚಿಕೊಳ್ಳಬಹುದು. ನೀರು ಸ್ಯಾಹಿಗೆ ಶತ್ರು. ಬೆರಳು ನೋಯುವುದು ಮೊದಮೊದಲು ಸಹಜ, ಆದರೆ ಮಣಿಕಟ್ಟು ಸೆಳೆದರೆ, ಬೆರಳು ಜುಮ್ಮೆಂದರೆ ಅಂದಿಗೆ ನಿಲ್ಲಿಸಿ. ಮುಂದಿನ ಪಾಠದಲ್ಲಿ ಗುರುಗಳಿಗೆ ಹೇಳಿ. ಕೂರುವ ರೀತಿಯಲ್ಲಿ ಏನೋ ತಪ್ಪಿರುತ್ತದೆ.

ಡ್ರಮ್ ಸೆಟ್ಟೇ ಬೇಕು ಎನ್ನುವವರಿಗೆ

ಕ್ರಮ ಅದೇ, ಸಾಮಾನು ಬೇರೆ. ಮೊದಲು ಕೊಳ್ಳಬೇಕಾದವು ಎರಡೇ: ಒಂದು ಜೊತೆ ಕಡ್ಡಿ, ಒಂದು ರಬ್ಬರಿನ ಅಭ್ಯಾಸದ ಪ್ಯಾಡ್. ಕಡ್ಡಿಗಳಲ್ಲಿ 5ಎ ಎಂಬ ಅಳತೆ ಹೆಚ್ಚಿನ ಕೈಗಳಿಗೆ ಹೊಂದುತ್ತದೆ. 5ಬಿ ಸ್ವಲ್ಪ ದಪ್ಪ. ಅಂಗಡಿಯ ಗಾಜಿನ ಮೇಜಿನ ಮೇಲೆ ಉರುಳಿಸಿ ನೋಡಿ, ನೆಟ್ಟಗಿದ್ದರೆ ಕುಣಿಯದೆ ಉರುಳುತ್ತದೆ. ಎರಡನ್ನೂ ಕೈಯಲ್ಲಿ ತೂಗಿ ನೋಡಿ, ಸಮವಾಗಿರಬೇಕು.

ಪ್ಯಾಡಿನ ಮೇಲೆ ಮೂರು ಪಾಠ ಸಾಕಷ್ಟು ದಿನ ಬರುತ್ತವೆ. ಬಲ ಎಡ ಬಲ ಎಡ. ಬಲ ಬಲ ಎಡ ಎಡ. ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಇಂಥ 40 ಮೂಲ ಪಾಠಗಳ ಒಂದು ಪಟ್ಟಿಯೇ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಗಡಿಯಾರದ ಎಣಿಕೆಗೆ ಇವು ಸಮವಾಗಿ ಬಂದ ಮೇಲೆ ಪೂರ್ತಿ ಸೆಟ್ಟಿನ ಮಾತು. ಸಾಮಾನ್ಯ ಸೆಟ್ಟಿನಲ್ಲಿ ಕಾಲಿನಿಂದ ಹೊಡೆಯುವ ಬಾಸ್ ಡ್ರಮ್, ಎದುರಿಗೆ ಸ್ನೇರ್, ಎರಡು ಟಾಮ್, ಒಂದು ಫ್ಲೋರ್ ಟಾಮ್, ಹೀಗೆ ಐದು. ಜೊತೆಗೆ ಹೈ-ಹ್ಯಾಟ್, ಕ್ರ್ಯಾಶ್, ರೈಡ್ ಎಂಬ ತಟ್ಟೆಗಳು. ಸೆಟ್ ಜೊತೆ ಬರುವ ತಟ್ಟೆಗಳು ಬಹಳ ಸಲ ಸಾಧಾರಣವಾಗಿರುತ್ತವೆ. ಪೆಡಲ್ ಮತ್ತು ಕೂರುವ ಸ್ಟೂಲ್ ಗಟ್ಟಿಯಾಗಿರಲಿ. ಎಲೆಕ್ಟ್ರಾನಿಕ್ ಸೆಟ್ಟಿಗೆ ಹೆಡ್‌ಫೋನ್ ಹಾಕಿದರೂ ಪೆಡಲಿನ ದಡ್ ದಡ್ ನೆಲದ ಮೂಲಕ ಕೆಳಗಿನ ಮನೆಗೆ ಇಳಿಯುತ್ತದೆ. ಮೇಲ್ಮಹಡಿಯಲ್ಲಿ ಬಾಡಿಗೆಗೆ ಇರುವವರು ಇದನ್ನು ನೆನಪಿಡಿ.

ಒಂದು ಪುಟ್ಟ ವೇಳಾಪಟ್ಟಿ

ಮೊದಲ ತಿಂಗಳು ಬಾಯಿ ಮತ್ತು ಚಪ್ಪಾಳೆ. ಎರಡನೆಯ ತಿಂಗಳು ಗುರುಗಳು, ಅವರ ವಾದ್ಯ. ನಾಲ್ಕನೆಯ ತಿಂಗಳಿನಲ್ಲೂ ಪಾಠ ತಪ್ಪಿಸಿಲ್ಲ ಎಂದಾದರೆ ಮನೆಯಲ್ಲಿ ಹಣದ ಮಾತು. ಆಗ ಕೇಳುವ ನಿಮಗೂ ಧೈರ್ಯವಿರುತ್ತದೆ, ಕೊಡುವವರಿಗೂ ಕಾರಣ ಕಾಣುತ್ತದೆ. ಆರನೆಯ ತಿಂಗಳಿಗೆ ಕೆಹರವಾ, ದಾದ್ರಾ, ತೀನ್‌ತಾಳ ಮತ್ತು ಒಂದು ಕಾಯದಾ ಸಾವಕಾಶವಾಗಿ ಬಂದರೆ ಅದು ಒಳ್ಳೆಯ ಪ್ರಗತಿ.

ಉಸ್ತಾದ್ ಜಾಕಿರ್ ಹುಸೇನರು 2024ರ ಫೆಬ್ರವರಿಯಲ್ಲಿ ಒಂದೇ ದಿನ ಮೂರು ಗ್ರ್ಯಾಮಿ ಪ್ರಶಸ್ತಿ ಪಡೆದರು. ಅದೇ ವರ್ಷ ಡಿಸೆಂಬರ್ 15ರಂದು ತೀರಿಕೊಂಡರು. ಅವರ ವಿಡಿಯೊ ನೋಡಿ ತಬಲಾ ಕಲಿಯಬೇಕೆಂದು ಹೊರಟವರು ನಮ್ಮ ಕಾಲೇಜಿನಲ್ಲೂ ಇದ್ದಾರೆ. ಅವರ ಕೈಯ ವೇಗ ನಮಗೆ ಬರಲಿಕ್ಕಿಲ್ಲ. ಆದರೆ ಅವರೂ ನಾವೂ ಎಣಿಸುವುದು ಅದೇ ಹದಿನಾರು ಮಾತ್ರೆ. ಇವತ್ತು ಸಂಜೆ ಬಸ್ಸಿಗೆ ಕಾಯುವಾಗ ಒಂದು ಸುತ್ತು ಎಣಿಸಿ ನೋಡಿ. ಒಂಬತ್ತಕ್ಕೆ ಕೈ ಬೀಸುವುದನ್ನು ಮರೆಯಬೇಡಿ.